ಅಂಕಿಗೆ ಕಣ್ಣು ಕೊಡುವ ಕಸುಬು
(ಸಂಘದ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



‘ನಮ್ಮ ಮಕ್ಕಳು ಮುಂದೆ ಏನು ಓದಬೇಕು’ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ವಿಷಯ ದೊಡ್ಡದು, ನಾನು ಚಿಕ್ಕವನು. ನನ್ನದು ಮೆಟ್ರಿಕ್‌ವರೆಗಿನ ಓದು. ಹಗಲು ಗಿರಣಿಯ ಕಚೇರಿಯಲ್ಲಿ ಹಾಜರಿ, ಪಗಾರದ ಲೆಕ್ಕ. ಸಂಜೆ ಇಲ್ಲಿ ತಮಗೆ ಪುಸ್ತಕ ತೆಗೆದುಕೊಡುವ ಸೇವೆ. ಆದ್ದರಿಂದ ಎಲ್ಲ ವಿದ್ಯೆಗಳ ಮಾತನ್ನೂ ಆಡದೆ ಒಂದೇ ಕಸುಬನ್ನು ಹಿಡಿದುಕೊಂಡಿದ್ದೇನೆ. ಅದು ರಾಶಿ ರಾಶಿ ಅಂಕಿಗಳನ್ನು ಯಂತ್ರದಿಂದ ಲೆಕ್ಕ ಹಾಕಿಸಿ, ಬಂದ ಉತ್ತರವನ್ನು ಕಣ್ಣಿಗೆ ಕಾಣುವಂತೆ ಚಿತ್ರ ಮಾಡಿ ತೋರಿಸುವ ಕಸುಬು. ವಿಜ್ಞಾನಿಗಳು ಇದನ್ನು ದತ್ತಾಂಶ ಚಿತ್ರಣ ಎನ್ನುತ್ತಾರೆ. ಇದಕ್ಕೆ ಬೇಕಾಗುವ ದೊಡ್ಡ ಯಂತ್ರಕ್ಕೆ ಸೂಪರ್ ಕಂಪ್ಯೂಟರ್ ಎಂದು ಹೆಸರು.

ಇದನ್ನೇ ಏಕೆ ಆರಿಸಿಕೊಂಡೆ ಎಂದು ತಾವು ಕೇಳಬಹುದು. ಕಾರಣ ನಮ್ಮ ಬೀದಿಯಲ್ಲೇ ಇದೆ. ನಾವು ದಿನಾ ಬಸ್ಸು ಹಿಡಿಯುವ ಬಿ.ಟಿ. ರಸ್ತೆಯಲ್ಲಿ 203ನೆಯ ನಂಬರಿನ ಆವರಣವಿದೆ. ಅದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ. ಗೇಟಿನ ಹೊರಗೆ ನಾವು ಹಾದುಹೋಗುತ್ತೇವೆ. ಒಳಗೆ ಏನು ನಡೆಯುತ್ತದೆಂದು ಕೇಳಿದವರು ನಮ್ಮಲ್ಲಿ ಕಡಿಮೆ. ಹೊಟ್ಟೆಪಾಡಿಗಾಗಿ ಸಾವಿರಾರು ಮೈಲಿ ಬಂದ ನಾವು, ಮನೆಯ ಮುಂದಿನ ಬಾವಿಯ ನೀರನ್ನು ಕುಡಿಯದೆ ಹೋಗುತ್ತಿದ್ದೇವೋ ಏನೋ ಎಂದು ನನಗೆ ಅನ್ನಿಸಿದೆ.

ಮೊದಲು ಆ ಸಂಸ್ಥೆಗೂ ನಮಗೂ ಇರುವ ನಂಟನ್ನು ಹೇಳುತ್ತೇನೆ.

ಬಾರಾನಗರ ಸೆಣಬಿನ ಊರು. ಬೋರ್ನಿಯೋ ಕಂಪನಿಯವರು 1859ರಲ್ಲಿ ಇಲ್ಲಿಯೇ ಉಗಿಯಂತ್ರದಿಂದ ನಡೆಯುವ ಸೆಣಬಿನ ಮಗ್ಗಗಳನ್ನು ಹೂಡಿದರು. ಗಿರಣಿಗೆ ಸೆಣಬು ಬೇಕು. ಈ ವರ್ಷ ಎಷ್ಟು ಬೆಳೆದಿದೆ ಎಂದು ಮೊದಲೇ ತಿಳಿದರೆ ಧಾರಣೆ ಗೊತ್ತಾಗುತ್ತದೆ. ಬೆಳೆದ ರೈತನಿಗೂ ಇದು ಬೇಕು, ಕೊಳ್ಳುವ ಗಿರಣಿಗೂ ಬೇಕು. ಆದರೆ ಇಡೀ ಬಂಗಾಳದ ಗದ್ದೆಗಳನ್ನು ಒಂದೊಂದಾಗಿ ನೋಡಿ ಬರೆದುಕೊಳ್ಳುವುದು ಆಗುವ ಕೆಲಸವೇ? 1937ರಿಂದ ಮುಂದೆ ಪ್ರಶಾಂತಚಂದ್ರ ಮಹಲನಬೀಸರು ಇದಕ್ಕೊಂದು ದಾರಿ ಕಂಡುಹಿಡಿದರು. ಅವರು ಹುಟ್ಟಿದ್ದು 1893ರಲ್ಲಿ, ಕಲ್ಕತ್ತೆಯಲ್ಲಿ, ಓದಿದ್ದು ಭೌತಶಾಸ್ತ್ರ, 1931ರಲ್ಲಿ ಈ ಸಂಸ್ಥೆಯನ್ನು ಕಟ್ಟಿದವರು. ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮ ತಾಯಂದಿರು ಪಾತ್ರೆಯ ಅಗುಳನ್ನೆಲ್ಲ ಹಿಸುಕುವುದಿಲ್ಲ. ಅಲ್ಲಲ್ಲಿ ಒಂದೆರಡು ಅಗುಳು ನೋಡುತ್ತಾರೆ. ಹಾಗೆಯೇ ಬಂಗಾಳದ ನಕ್ಷೆಯ ಮೇಲೆ ಚೀಟಿ ಎತ್ತಿದಂತೆ ಅಲ್ಲಲ್ಲಿ ತುಂಡು ನೆಲ ಆರಿಸಿ, ಅಷ್ಟನ್ನೇ ಜೋಪಾನವಾಗಿ ಅಳೆದು, ಇಡೀ ನಾಡಿನ ಬೆಳೆಯನ್ನು ಲೆಕ್ಕ ಹಾಕುವ ಕ್ರಮ ಅದು. 1941ರಲ್ಲಿ ಇಡೀ ಬಂಗಾಳಕ್ಕೆ ಈ ಕ್ರಮವನ್ನು ಹಚ್ಚಿದರು. ಗದ್ದೆ ಗದ್ದೆ ಎಣಿಸಿದ ಸರ್ಕಾರಿ ಲೆಕ್ಕಕ್ಕೆ ತಗುಲಿದ ಖರ್ಚಿನಲ್ಲಿ ಸುಮಾರು ಹತ್ತನೆಯ ಒಂದು ಪಾಲಿನಲ್ಲಿ ಇದು ಮುಗಿಯಿತು. ವ್ಯಾಪಾರಿಗಳ ಕೈಗೆ ನಿಜವಾಗಿ ಬಂದ ಸೆಣಬಿನ ಲೆಕ್ಕಕ್ಕೆ ಹತ್ತಿರವಾದದ್ದೂ ಇದೇ ಅಂದಾಜು. ನಾವು ಗಿರಣಿಯಲ್ಲಿ ಮುಟ್ಟುವ ನಾರು, ಹೀಗೆ ಒಂದು ಶಾಸ್ತ್ರಕ್ಕೇ ಅಡಿಗಲ್ಲಾಯಿತು.

ಇನ್ನೊಂದು ನಂಟು ನಮ್ಮ ನಾಡಿನದು.

1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ ಒಬ್ಬ ಹುಡುಗ ಹುಟ್ಟಿದ. ಆಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಈಗ ಕರ್ನಾಟಕದ ವಿಜಯನಗರ ಜಿಲ್ಲೆ. ತಂದೆ ಪೋಲೀಸು ಇನ್‌ಸ್ಪೆಕ್ಟರು, ಮನೆಮಾತು ತೆಲುಗು. ಹತ್ತು ಮಕ್ಕಳಲ್ಲಿ ಎಂಟನೆಯವನು. ಎಂಟನೆಯ ಗರ್ಭವೆಂದು ಕೃಷ್ಣನ ಹೆಸರಿಟ್ಟರು. ಅವರೇ ಮುಂದೆ ಲೋಕಕ್ಕೆಲ್ಲ ಸಿ. ಆರ್. ರಾವ್ ಎಂದು ಹೆಸರಾದ ಕಲ್ಯಂಪೂಡಿ ರಾಧಾಕೃಷ್ಣ ರಾವ್. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮಾಡಿ, ಕೆಲಸ ಹುಡುಕಿಕೊಂಡು ಅವರು ಕಲ್ಕತ್ತೆಗೆ ಬಂದರು. ಸೈನ್ಯದ ಸರ್ವೆ ಘಟಕದಲ್ಲಿ ಗಣಿತಜ್ಞನ ಕೆಲಸವಿತ್ತು. ಆ ಕೆಲಸ ಸಿಕ್ಕಲಿಲ್ಲ. ಇಳಿದುಕೊಂಡಿದ್ದ ಹೋಟೆಲಿನಲ್ಲಿ ಇನ್ನೊಬ್ಬರ ಪರಿಚಯವಾಯಿತು. ಅವರು ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿಗೆ ಬಂದವರು. ಅವರಿಂದ ವಿಷಯ ತಿಳಿದು, ಸಂಸ್ಥೆಯನ್ನು ಕಣ್ಣಾರೆ ನೋಡಿ, ಅರ್ಜಿ ಹಾಕಿ, 1941ರ ಜನವರಿ 1ರಂದು ರಾವ್ ಅಲ್ಲಿ ಸೇರಿದರು. ಆಗ ಸಂಸ್ಥೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿತ್ತು. ಬಾರಾನಗರಕ್ಕೆ ಬಂದದ್ದು ಆಮೇಲೆ.

ಸಜ್ಜನರೇ, ಕೆಲಸ ಸಿಕ್ಕದೆ ಪರಊರಿನ ಹೋಟೆಲಿನಲ್ಲಿ ಕೂತಿರುವ ಸಂಕಟ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿಲ್ಲ? ಆ ಹುಡುಗನಿಗೆ ದಾರಿ ತೆರೆದದ್ದು ಪಕ್ಕದವನ ಒಂದು ಮಾತು. ನಮ್ಮಂಥ ವಾಚನಾಲಯಗಳು ಮಾಡಬೇಕಾದ ಕೆಲಸವೂ ಇದೇ. ಪಕ್ಕದವನಿಗೆ ಗೊತ್ತಿರುವುದನ್ನು ಇನ್ನೊಬ್ಬನ ಕಿವಿಗೆ ಹಾಕುವುದು.

ರಾವ್ ಅವರು 1945ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಕಲ್ಕತ್ತೆಯ ಗಣಿತ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದಕ್ಕೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷದ ಆಗಸ್ಟಿನಲ್ಲಿ, 102ರ ವಯಸ್ಸಿನಲ್ಲಿ, ಅಮೆರಿಕದಲ್ಲಿ ಅವರು ತೀರಿಕೊಂಡರು. ಆದರೆ ನಾನು ಇಂದು ಹೇಳಬೇಕೆಂದಿರುವುದು ಅವರ ಇನ್ನೊಂದು ಕೆಲಸ.

1941ರಲ್ಲಿ ಸಂಯುಕ್ತ ಪ್ರಾಂತದಲ್ಲಿ, ಎಂದರೆ ಇಂದಿನ ಉತ್ತರ ಪ್ರದೇಶದ ಕಡೆ, ಬೇರೆ ಬೇರೆ ಪಂಗಡದ ಜನರ ಮೈಯಳತೆ ತೆಗೆದಿದ್ದರು. ತಲೆಯ ಉದ್ದ, ಅಗಲ, ಮೂಗಿನ ಎತ್ತರ, ಹೀಗೆ ಒಬ್ಬೊಬ್ಬನಿಗೂ ಹಲವು ಅಳತೆ. ಯಾವ ಪಂಗಡ ಯಾವುದಕ್ಕೆ ಹತ್ತಿರ, ಯಾವುದಕ್ಕೆ ದೂರ? ಎರಡು ಊರುಗಳ ದೂರವನ್ನು ನಕ್ಷೆಯ ಮೇಲೆ ದಾರ ಹಿಡಿದು ಅಳೆಯಬಹುದು. ಏಕೆಂದರೆ ಕಾಗದಕ್ಕೆ ಉದ್ದ, ಅಗಲ ಎರಡೇ ದಿಕ್ಕು. ಇಲ್ಲಿ ಅಳತೆಗಳು ಹತ್ತಕ್ಕೂ ಹತ್ತಿರ. ಅಷ್ಟು ದಿಕ್ಕಿನ ಕಾಗದ ಯಾವ ಅಂಗಡಿಯಲ್ಲಿ ಸಿಕ್ಕೀತು? ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು ಎರಡು ಗುಂಪಿನ ನಡುವಿನ ದೂರ ಹೇಳುವ ಸೂತ್ರವನ್ನು ಮಹಲನಬೀಸರು ಕೊಟ್ಟಿದ್ದರು. ರಾವ್ ಅವರು ಮುಂದೆ ಹೋಗಿ, ಆ ಅಳತೆಗಳೊಳಗೆ ಹೆಚ್ಚು ವ್ಯತ್ಯಾಸ ತೋರುವ ಎರಡು ದಿಕ್ಕುಗಳನ್ನು ಲೆಕ್ಕದಿಂದ ಹೊರತೆಗೆದು, ಅವುಗಳ ಮೇಲೆ ಒಂದೊಂದು ಪಂಗಡವನ್ನೂ ಒಂದೊಂದು ಚುಕ್ಕೆಯಾಗಿ ಇಡುವುದನ್ನು 1948ರ ಲೇಖನದಲ್ಲಿ ತೋರಿಸಿದರು. ನೂರಾರು ಪುಟದ ಅಂಕಿ ಒಂದು ಹಾಳೆಯ ಮೇಲೆ ಚುಕ್ಕೆಗಳಾಗಿ ಕೂತಿತು. ಹತ್ತಿರದವು ಹತ್ತಿರ, ದೂರದವು ದೂರ. ಓದುಬರಹ ಕಡಿಮೆ ಇರುವವನೂ ನೋಡಿ ತಿಳಿಯಬಹುದು. ಅಂಕಿಗೆ ಕಣ್ಣು ಕೊಡುವುದು ಎಂದು ನಾನು ಹೇಳುವುದು ಇದನ್ನೇ. ಇಂದು ಲೋಕದ ದೊಡ್ಡ ಪ್ರಯೋಗಶಾಲೆಗಳಲ್ಲಿ ಯಂತ್ರಗಳು ಮಾಡುವ ಎಷ್ಟೋ ಚಿತ್ರಗಳ ಹಿಂದೆ ಇದೇ ಬಗೆಯ ಉಪಾಯವಿದೆ.

ಮಹಲನಬೀಸರದೂ ಒಂದು ಚಿತ್ರದ ಕ್ರಮ ಉಂಟು, 1960ರಲ್ಲಿ ಅಚ್ಚಾಯಿತು. ಅದನ್ನು ನಮ್ಮ ವಠಾರದ ಲೆಕ್ಕದಲ್ಲಿ ಹೇಳುತ್ತೇನೆ; ಅಂಕಿಗಳು ನಾನೇ ಊಹಿಸಿಕೊಂಡವು. ನೂರು ಮನೆಗಳಿವೆ ಎನ್ನಿ. ತಿಂಗಳ ಖರ್ಚು ಕಡಿಮೆ ಇರುವ ಮನೆಯಿಂದ ಹಿಡಿದು ಹೆಚ್ಚು ಇರುವ ಮನೆಯವರೆಗೆ ಸಾಲಾಗಿ ನಿಲ್ಲಿಸಿ. ಹತ್ತು ಹತ್ತು ಮನೆಗಳ ಹತ್ತು ಗುಂಪು ಮಾಡಿ. ಒಂದೊಂದು ಗುಂಪಿನವರು ನೂರು ರೂಪಾಯಿ ಖರ್ಚಿನಲ್ಲಿ ಅಕ್ಕಿ ಗೋಧಿಗೆ ಎಷ್ಟು ಕೊಡುತ್ತಾರೆ ಎಂದು ನೋಡಿ. ಮೊದಲ ಗುಂಪಿಗೆ ಅರವತ್ತು ಬರಬಹುದು, ಕೊನೆಯ ಗುಂಪಿಗೆ ಇಪ್ಪತ್ತು. ಹತ್ತು ಚುಕ್ಕೆ ಇಟ್ಟು ಗೆರೆ ಎಳೆದರೆ ಬಡತನದ ಇಳಿಜಾರು ಕಣ್ಣಿಗೆ ಕಾಣುತ್ತದೆ. ಮಹಲನಬೀಸರ ಜಾಣತನ ಇದಕ್ಕಿಂತ ಮುಂದಿದೆ. ಕೆಲಸವನ್ನು ಎರಡು ತಂಡಕ್ಕೆ ಹಂಚಿ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದಂತೆ ಬೇರೆ ಬೇರೆ ಮನೆಗಳಿಗೆ ಕಳಿಸಿ, ಎರಡು ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆಯಬೇಕು. ಎರಡೂ ಗೆರೆ ಒಂದರ ಮೇಲೊಂದು ಬಿದ್ದರೆ ಲೆಕ್ಕ ನಂಬಬಹುದು. ನಡುವೆ ಅಗಲವಾದ ಸಂದು ಬಿದ್ದರೆ, ಆ ಸಂದೇ ತಪ್ಪಿನ ಅಳತೆ. ತನ್ನ ತಪ್ಪು ಎಷ್ಟಿರಬಹುದೆಂದು ಚಿತ್ರವೇ ಹೇಳುತ್ತದೆ. ಇಂಥ ಪ್ರಾಮಾಣಿಕತೆ ಎಷ್ಟು ಲೆಕ್ಕಪುಸ್ತಕಗಳಲ್ಲಿ ಇದೆ, ತಾವೇ ಯೋಚಿಸಿ.

ಈಗ ಯಂತ್ರದ ಮಾತು.

ಮೊದಲ ದಿನಗಳಲ್ಲಿ ‘ಕಂಪ್ಯೂಟರ್’ ಎಂದರೆ ಯಂತ್ರವಲ್ಲ, ಮನುಷ್ಯ. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಮುಂದಿಟ್ಟುಕೊಂಡು ಸಾಲು ಸಾಲಾಗಿ ಕೂತು ಕೂಡಿ ಕಳೆದು ಬರೆಯುತ್ತಿದ್ದ ನಮ್ಮಂಥ ಗುಮಾಸ್ತರಿಗೇ ಆ ಹೆಸರು. 1953ರಲ್ಲಿ ಸಮರೇಂದ್ರಕುಮಾರ ಮಿತ್ರರ ಮೇಲ್ವಿಚಾರಣೆಯಲ್ಲಿ ಸಂಸ್ಥೆಯವರು ತಾವೇ ಒಂದು ಚಿಕ್ಕ ಗಣಕಯಂತ್ರ ಕಟ್ಟಿದರು. 1956ರಲ್ಲಿ ಇಂಗ್ಲೆಂಡಿನಿಂದ ತರಿಸಿದ ಎಚ್.ಇ.ಸಿ. 2ಎಂ ಎಂಬ ಯಂತ್ರ ಕೆಲಸಕ್ಕೆ ನಿಂತಿತು. ತಿರುಗುವ ಡ್ರಮ್ಮಿನ ಮೇಲೆ ಅಂಕಿಗಳನ್ನು ನೆನಪಿಟ್ಟುಕೊಳ್ಳುವ ಯಂತ್ರ ಅದು. ಭಾರತಕ್ಕೆ ಬಂದ ಮೊದಲ ವಿದ್ಯುನ್ಮಾನ ಅಂಕೀಯ ಗಣಕಯಂತ್ರವೆಂದರೆ ಅದೇ. ಆಮೇಲೆ ರಷ್ಯದಿಂದ ಉರಾಲ್ ಬಂತು. 1966ರಲ್ಲಿ ಜಾದವಪುರ ವಿಶ್ವವಿದ್ಯಾಲಯದೊಡನೆ ಸೇರಿ ಟ್ರಾನ್ಸಿಸ್ಟರಿನ ಗಣಕಯಂತ್ರವನ್ನೂ ಇಲ್ಲಿಯವರು ಕಟ್ಟಿದರು. ಅಂದರೆ ದೇಶದ ಗಣಕಯಂತ್ರದ ತೊಟ್ಟಿಲು ತೂಗಿದ್ದು ಈ ಬಾರಾನಗರದಲ್ಲಿ.

ಇದೇ ಊರಿನ ಇನ್ನೊಂದು ನೆನಪನ್ನೂ ಮುಚ್ಚಿಡಬಾರದು. 1960ರ ದಶಕದ ಕೊನೆಯಲ್ಲಿ ಜೀವ ವಿಮಾ ನಿಗಮವು ಕಲ್ಕತ್ತೆಯ ಇಲಾಕೋ ಹೌಸಿನಲ್ಲಿ ಗಣಕಯಂತ್ರ ಇಡಲು ಹೊರಟಾಗ, ನೌಕರರು ಹಗಲೂ ರಾತ್ರಿ ಕಾವಲು ಕೂತು ತಡೆದರು. ಯಂತ್ರ ಬಂದರೆ ಗುಮಾಸ್ತನ ಅನ್ನ ಹೋಗುತ್ತದೆ ಎಂಬ ಭಯ. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಗುಮಾಸ್ತನಾಗಿ ನನಗೂ ಅದರ ಬಿಸಿ ತಟ್ಟಿದೆ. ಹತ್ತು ಜನ ಕೂತು ಬರೆಯುತ್ತಿದ್ದ ಪಗಾರದ ಪಟ್ಟಿಯನ್ನು ಇಂದು ಇಬ್ಬರು ಮುಗಿಸುತ್ತಾರೆ. ಆದ್ದರಿಂದ ನಾನು ಕೇಳುವ ಪ್ರಶ್ನೆ ಇದು: ಕೂಡುವ ಕಳೆಯುವ ಕೆಲಸ ಹೇಗೂ ಯಂತ್ರದ ಪಾಲಾಯಿತು. ಏನನ್ನು ಕೂಡಬೇಕು, ಬಂದದ್ದು ಸರಿಯೇ, ಅದನ್ನು ಜನಕ್ಕೆ ಹೇಗೆ ತೋರಿಸಬೇಕು ಎಂಬ ಕೆಲಸ ಯಾರ ಪಾಲಾಗಬೇಕು? ಆ ಪಾಲಿನಲ್ಲಿ ನಮ್ಮ ಮಕ್ಕಳ ಹೆಸರೂ ಇರಬೇಕೆಂಬುದು ನನ್ನ ಆಸೆ.

ಸೂಪರ್ ಕಂಪ್ಯೂಟರ್ ಎಂದರೆ ಒಂದು ದೊಡ್ಡ ಮಿದುಳು ಎಂದು ಕೆಲವರ ಕಲ್ಪನೆ. ಹಾಗಲ್ಲ, ಅದೊಂದು ಗಿರಣಿ. ಒಂದೇ ಮಗ್ಗವನ್ನು ಎಷ್ಟು ಬೇಗ ಓಡಿಸಬಹುದು? ಒಂದು ಮಿತಿ ಇದೆ. ಆದ್ದರಿಂದ ಸಾವಿರ ಮಗ್ಗ ಇಟ್ಟು ಕೆಲಸ ಹಂಚುತ್ತೇವೆ. ಅಲ್ಲಿಯೂ ಹಾಗೆಯೇ; ಸಾವಿರಾರು ಸಣ್ಣ ಗಣಕಗಳು ತಂತಿಯಿಂದ ಬೆಸೆದುಕೊಂಡು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುತ್ತವೆ. ಹಂಚಿಕೆಯಲ್ಲೇ ಎಲ್ಲ ಕಷ್ಟ. ಒಂದು ಉದಾಹರಣೆ: ಪಗಾರದ ಲೆಕ್ಕ ಒಬ್ಬನಿಗೆ ಹತ್ತು ಗಂಟೆಯ ಕೆಲಸ. ಅದರಲ್ಲಿ ಒಂಬತ್ತು ಗಂಟೆಯದನ್ನು ಹಂಚಬಹುದು. ಕೊನೆಯ ಒಂದು ಗಂಟೆ ಸಾಹೇಬರು ಒಬ್ಬರೇ ನೋಡಿ ರುಜು ಹಾಕುವುದು. ಒಂಬತ್ತು ಗುಮಾಸ್ತರನ್ನು ಕೂರಿಸಿದರೆ ಒಂದು ಗಂಟೆ, ಸಾಹೇಬರದು ಒಂದು ಗಂಟೆ. ಎರಡು ಗಂಟೆಗೆ ಮುಗಿಯಿತು. ಒಂಬೈನೂರು ಗುಮಾಸ್ತರನ್ನು ತಂದರೂ ಒಂದು ಗಂಟೆಗಿಂತ ಕೆಳಗೆ ಇಳಿಯಲಾರದು. 1967ರಲ್ಲಿ ಅಮ್‌ಡಾಲ್ ಎಂಬ ಅಮೆರಿಕದ ಯಂತ್ರಶಿಲ್ಪಿ ಹೇಳಿದ ನಿಯಮ ಇದು. ಆದ್ದರಿಂದ ಸಂಶೋಧಕನ ತಲೆಯೆಲ್ಲ ಆ ಹಂಚಲಾಗದ ಒಂದು ಗಂಟೆಯನ್ನು ಕಡಿಮೆ ಮಾಡುವುದರಲ್ಲಿ, ಯಾವ ಗಣಕವೂ ಸುಮ್ಮನೆ ಕೂರದಂತೆ ನೋಡುವುದರಲ್ಲಿ ಸವೆಯುತ್ತದೆ. ಪಾಳಿ ನಡೆಸುವ ನಮ್ಮ ಸರದಾರರಿಗೆ ಈ ಕಷ್ಟ ಹೊಸದೇನಲ್ಲ.

ಇದರ ವೇಗವನ್ನು ‘ಪೆಟಾಫ್ಲಾಪ್’ ಎಂದು ಎಣಿಸುತ್ತಾರೆ. ಒಂದು ಪೆಟಾಫ್ಲಾಪ್ ಎಂದರೆ ಕ್ಷಣಕ್ಕೆ ಒಂದರ ಮುಂದೆ ಹದಿನೈದು ಸೊನ್ನೆ ಇಟ್ಟಷ್ಟು ಲೆಕ್ಕ. ಒಬ್ಬ ಮನುಷ್ಯ ಊಟ ನಿದ್ದೆ ಬಿಟ್ಟು ಕ್ಷಣಕ್ಕೊಂದು ಲೆಕ್ಕ ಮಾಡುತ್ತ ಕೂತರೆ, ಆ ಯಂತ್ರ ಒಂದು ಕ್ಷಣದಲ್ಲಿ ಮಾಡುವುದನ್ನು ಮುಗಿಸಲು ಮೂರು ಕೋಟಿ ವರ್ಷಕ್ಕೂ ಮೇಲೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಇಟ್ಟ ‘ಪರಮ್ ಪ್ರವೇಗ’ದ ಶಕ್ತಿ ಇಂಥ 3.3 ಪೆಟಾಫ್ಲಾಪ್. ನಮ್ಮ ಕಲ್ಕತ್ತೆಯಲ್ಲೂ, ಸಾಲ್ಟ್ ಲೇಕಿನ ಸತ್ಯೇಂದ್ರನಾಥ ಬೋಸ್ ಕೇಂದ್ರದಲ್ಲಿ, 2024ರ ಸೆಪ್ಟೆಂಬರಿನಲ್ಲಿ ‘ಪರಮ್ ರುದ್ರ’ ಎಂಬ ಯಂತ್ರ ನಿಂತಿತು.

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ನಮ್ಮ ಬೆಂಗಳೂರಿನವರಿದ್ದಾರೆ. 1980ರ ದಶಕದಲ್ಲಿ ಹೊರದೇಶದವರು ಇಂಥ ಯಂತ್ರಗಳನ್ನು ನಮಗೆ ಮಾರಲು ನೂರೆಂಟು ಷರತ್ತು ಹಾಕುತ್ತಿದ್ದರು. ಆಗ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. 1933ರಲ್ಲಿ ಹುಟ್ಟಿದವರು, ಗಾಳಿ ನೀರಿನ ಹರಿವಿನ ಶಾಸ್ತ್ರದಲ್ಲಿ ದೊಡ್ಡ ಹೆಸರು. ಅವರ ಬೆಂಬಲದಿಂದ ಯು. ಎನ್. ಸಿನ್ಹಾ ಅವರ ತಂಡ ಸಣ್ಣ ಗಣಕಗಳನ್ನು ಒಟ್ಟು ಬೆಸೆದು 1986ರಲ್ಲಿ ‘ಫ್ಲೋಸಾಲ್ವರ್’ ಕಟ್ಟಿತು. ಕೆಲಸವನ್ನು ಹಂಚಿಕೊಂಡು ಮಾಡುವ ಭಾರತದ ಮೊದಲ ಗಣಕಯಂತ್ರ ಅದು. ಐದು ವರ್ಷಗಳ ಮೇಲೆ, 1991ರಲ್ಲಿ, ಪುಣೆಯ ಸಿ-ಡ್ಯಾಕ್ ಸಂಸ್ಥೆ ‘ಪರಮ್ 8000’ ಯಂತ್ರವನ್ನು ಹೊರತಂದಿತು.

ಇಷ್ಟೆಲ್ಲ ಲೆಕ್ಕ ಯಾರ ಉಪಯೋಗಕ್ಕೆ? ಚಂಡಮಾರುತದ ಮಾತನ್ನೇ ತೆಗೆದುಕೊಳ್ಳಿ. 1970ರ ನವೆಂಬರಿನಲ್ಲಿ ಪೂರ್ವ ಬಂಗಾಳದ ಕರಾವಳಿಗೆ ಬಂದ ಚಂಡಮಾರುತದಲ್ಲಿ ಸತ್ತವರು ಮೂರು ಲಕ್ಷಕ್ಕೂ ಮೇಲೆ. 2020ರ ಮೇ 20ರಂದು ಆಂಫಾನ್ ಬಂದು ನಮ್ಮ ತಲೆಯ ಮೇಲಿನ ತಗಡನ್ನು ಹಾರಿಸಿಕೊಂಡು ಹೋಯಿತು, ಮರಗಳು ಬುಡಮೇಲಾದವು, ದಿನಗಟ್ಟಲೆ ದೀಪವಿರಲಿಲ್ಲ. ಆದರೂ ಈ ರಾಜ್ಯದಲ್ಲಿ ಸತ್ತವರು ನೂರರ ಆಸುಪಾಸು. ಒಂದು ಜೀವವೂ ಸಣ್ಣದಲ್ಲ. ಆದರೆ ಲಕ್ಷಕ್ಕೂ ನೂರಕ್ಕೂ ಇರುವ ಅಂತರ ನೋಡಿ. ಆಶ್ರಯದ ಕಟ್ಟಡ, ರಸ್ತೆ, ದೂರವಾಣಿ, ಇವೆಲ್ಲದರ ಪಾಲೂ ಅದರಲ್ಲಿದೆ. ಆದರೆ ಬಿರುಗಾಳಿ ಎಲ್ಲಿಗೆ ಯಾವಾಗ ಬರುತ್ತದೆಂದು ಮುಂಚೆ ತಿಳಿಯದಿದ್ದರೆ ಜನರನ್ನು ಎಲ್ಲಿಂದ ಎಲ್ಲಿಗೆ ಸಾಗಿಸುವುದು?

ಅದನ್ನು ತಿಳಿಯುವ ಕ್ರಮ ಹೀಗೆ. ಆಕಾಶವನ್ನೆಲ್ಲ ಚೌಕ ಚೌಕವಾಗಿ ಕತ್ತರಿಸಿದಂತೆ ಕಲ್ಪಿಸಿ, ಒಂದೊಂದು ಚೌಕದಲ್ಲಿ ಬಿಸಿ, ತೇವ, ಒತ್ತಡ, ಗಾಳಿ ಎಷ್ಟೆಂದು ಇಟ್ಟುಕೊಂಡು, ಇನ್ನೊಂದು ಗಳಿಗೆಗೆ ಏನಾಗುತ್ತದೆ, ಮತ್ತೊಂದು ಗಳಿಗೆಗೆ ಏನಾಗುತ್ತದೆ ಎಂದು ಲೆಕ್ಕ ಮಾಡುತ್ತ ಹೋಗುವುದು. ನಮ್ಮ ಹವಾಮಾನದವರು 2018ರಲ್ಲಿ 12 ಕಿಲೋಮೀಟರಿನ ಚೌಕ ಹಿಡಿದು ಲೆಕ್ಕ ಮಾಡುತ್ತಿದ್ದರು. 2025ರ ಮೇ ತಿಂಗಳಲ್ಲಿ 6 ಕಿಲೋಮೀಟರಿನ ಚೌಕಕ್ಕೆ ಇಳಿದರು. ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟು. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ಕೆಲಸ ಎಂಟು ಪಟ್ಟು. ದೊಡ್ಡ ಯಂತ್ರ ಏಕೆ ಬೇಕೆಂಬುದಕ್ಕೆ ಇದೇ ಉತ್ತರ.

ಲೆಕ್ಕ ಮುಗಿದಾಗ ಯಂತ್ರದಿಂದ ಹೊರಬರುವುದು ಕೋಟಿ ಕೋಟಿ ಅಂಕಿ. ಅದನ್ನು ಸುಂದರಬನದ ಮೀನುಗಾರನ ಮುಂದೆ ಸುರಿದರೆ ಅವನೇನು ಮಾಡಿಯಾನು? ಅದನ್ನು ನಕ್ಷೆಯ ಮೇಲೆ ದಾರಿಯಾಗಿ, ಬಣ್ಣವಾಗಿ, ‘ಇಲ್ಲಿಂದ ಇಲ್ಲಿಯವರೆಗೆ ಎಲ್ಲಿ ಬೇಕಾದರೂ ಬರಬಹುದು’ ಎಂಬ ಅಗಲವಾದ ಪಟ್ಟಿಯಾಗಿ ತೋರಿಸುವವನು ಬೇಕು. ಆ ಪಟ್ಟಿಯನ್ನು ಮುಚ್ಚಿ ಬರೀ ಒಂದು ಗೆರೆ ತೋರಿಸಿದರೆ, ಗೆರೆಯಿಂದ ಆಚೆ ಇರುವವನು ತನಗೇನೂ ಆಗದೆಂದು ಮಲಗಿಬಿಡುತ್ತಾನೆ. ಚಿತ್ರ ಮಾಡುವವನ ಕೈಯಲ್ಲಿ ಜೀವಗಳಿವೆ ಎಂದರೆ ಅತಿಶಯವಲ್ಲ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಬೀದಿಯ ನಕ್ಷೆಯ ಮೇಲೆ ಗುರುತು ಹಾಕಿದರು. ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಕಿಕ್ಕಿರಿದಿದ್ದವು. ರೋಗ ನೀರಿನಿಂದ ಬರುತ್ತದೆಂಬ ಅವರ ವಾದಕ್ಕೆ ಇದರಿಂದ ಬಲ ಬಂತು.

ಚಿತ್ರ ಸುಳ್ಳನ್ನೂ ಹೇಳಬಲ್ಲದು. ಇದು ತಮಗೆಲ್ಲ ತಿಳಿದಿರಬೇಕು. ಒಂದು ತಿಂಗಳು 92 ಟನ್ನು, ಮರುತಿಂಗಳು 96 ಟನ್ನು ಉತ್ಪತ್ತಿಯಾಯಿತು ಎನ್ನಿ. ನೂರಕ್ಕೆ ನಾಲ್ಕರಷ್ಟು ಏರಿಕೆ. ಗೋಡೆಯ ಮೇಲೆ ಹಚ್ಚುವ ಗ್ರಾಫಿನ ಬುಡವನ್ನು ಸೊನ್ನೆಯಿಂದ ಹಿಡಿಯದೆ 90ರಿಂದ ಹಿಡಿದರೆ, ಮೊದಲ ಕಂಬದ ಎತ್ತರ ಎರಡು, ಎರಡನೆಯದು ಆರು; ಉತ್ಪತ್ತಿ ಮೂರು ಪಟ್ಟಾದಂತೆ ಕಾಣುತ್ತದೆ. ಅಂಕಿ ಒಂದೂ ಸುಳ್ಳಲ್ಲ, ಚಿತ್ರ ಪೂರ್ತಿ ಸುಳ್ಳು. ಕೂಲಿಯ ಮಾತು, ಬೋನಸ್ಸಿನ ಮಾತು ಬಂದಾಗ ಯಾರೇ ಗ್ರಾಫು ತೋರಿಸಲಿ, ಮೊದಲು ಬುಡ ನೋಡಿ. ಇದನ್ನು ಕಲಿಯಲು ಕಾಲೇಜು ಬೇಡ. ಈ ಸಭೆಯಿಂದ ಎದ್ದು ಹೋಗುವಾಗ ಇದೊಂದನ್ನಾದರೂ ಕಟ್ಟಿಕೊಂಡು ಹೋಗಿ.

ಇನ್ನು ಈ ಕಸುಬಿಗೆ ದಾರಿ ಯಾವುದು?

ಬೇಕಾದ ಬಂಡವಾಳ ಗಣಿತ. ಹನ್ನೆರಡನೆಯ ತರಗತಿಯವರೆಗೆ ಗಣಿತ ಬಿಡಬಾರದು. ಬಾರಾನಗರದ ಸಂಸ್ಥೆಯಲ್ಲಿ ಬಿ.ಸ್ಟ್ಯಾಟ್. ಎಂಬ ಪದವಿ ಇದೆ. ಅದರ ಪ್ರವೇಶ ಪರೀಕ್ಷೆ ಗಣಿತದ್ದು. ಇದೇ ಸಂಸ್ಥೆಯ ಬೆಂಗಳೂರು ಶಾಖೆ ಮೈಸೂರು ರಸ್ತೆಯಲ್ಲಿದ್ದು, ಅಲ್ಲಿ ಬಿ.ಮ್ಯಾತ್. ಪದವಿ ಇದೆ. ಆಯ್ಕೆಯಾದ ವಿದ್ಯಾರ್ಥಿಗಳಿಗೆ ತಿಂಗಳ ವಿದ್ಯಾರ್ಥಿವೇತನ ಕೊಡುತ್ತ ಬಂದಿದ್ದಾರೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಬೇಕು. ಇಂಜಿನಿಯರಿಂಗು ಅಥವಾ ವಿಜ್ಞಾನ ಓದಿದವರು ಗೇಟ್ ಪರೀಕ್ಷೆ ಕೊಟ್ಟು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಗಣನ ಮತ್ತು ದತ್ತಾಂಶ ವಿಜ್ಞಾನ ವಿಭಾಗದಲ್ಲಿ ಎಂ.ಟೆಕ್. ಮಾಡಬಹುದು. ಚಿತ್ರಣದ ಸಂಶೋಧನೆಗೆ ಆ ಸಂಸ್ಥೆಯಲ್ಲಿ ಪ್ರತ್ಯೇಕ ಪ್ರಯೋಗಶಾಲೆಯೂ ಇದೆ. ಮುಂದೆ ಕೆಲಸ ಸಿ-ಡ್ಯಾಕ್, ಹವಾಮಾನ ಇಲಾಖೆ, ವಿಜ್ಞಾನ ಕೇಂದ್ರಗಳು, ಔಷಧ ಮತ್ತು ವಿಮಾನದ ಕಂಪನಿಗಳಲ್ಲಿ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಪೈಥಾನ್ ಎಂಬ ಗಣಕಭಾಷೆಗೆ ಕಾಸು ಬೇಡ. ದೊಡ್ಡ ಪ್ರಯೋಗಶಾಲೆಗಳಲ್ಲಿ ಚಿತ್ರ ಮಾಡಲು ಬಳಸುವ ‘ಪ್ಯಾರಾವ್ಯೂ’ ಎಂಬ ಸಾಧನವೂ ಉಚಿತ. ಸಾಧಾರಣ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಅಷ್ಟೂ ಇಲ್ಲದಿದ್ದರೆ ಗೀಟು ಕಾಗದ, ಪೆನ್ಸಿಲು ಸಾಕು. ಒಂದು ತಿಂಗಳ ಬಿಸಿಲು, ಮಳೆ, ತರಕಾರಿಯ ಧಾರಣೆ, ಏನಾದರೂ ಒಂದನ್ನು ದಿನಾ ಬರೆದು ಗೆರೆ ಎಳೆಯುವ ಮಗು ಈ ಕಸುಬಿನ ಮೊದಲ ಪಾಠ ಮುಗಿಸಿದಂತೆ.

ಹೂವಿನ ಜೊತೆಗೆ ಮುಳ್ಳನ್ನೂ ಹೇಳಿಬಿಡುತ್ತೇನೆ. ಇದು ಬೇಗ ಸಂಬಳ ತರುವ ಓದಲ್ಲ. ಪದವಿ, ಸ್ನಾತಕೋತ್ತರ, ಆಮೇಲೆ ಪಿಎಚ್.ಡಿ. ಎಂದು ಹನ್ನೆರಡನೆಯ ತರಗತಿಯ ಮೇಲೆ ಹತ್ತು ವರ್ಷ ಹಿಡಿಯಬಹುದು. ಸಂಶೋಧನೆಯ ಕಾಯಂ ಹುದ್ದೆಗಳು ಕಡಿಮೆ. ಒಂದು ಯೋಜನೆ ಮುಗಿಯುವವರೆಗೆ ಎಂಬ ಕರಾರಿನ ಕೆಲಸಗಳೇ ಹೆಚ್ಚು. ಪ್ರವೇಶ ಪರೀಕ್ಷೆ ಬರೆದವರಲ್ಲಿ ಸೇರುವವರು ಕೆಲವರೇ. ನಮ್ಮ ಮನೆಗಳಲ್ಲಿ ಹತ್ತು ವರ್ಷ ಕಾಯುವ ಶಕ್ತಿ ಎಷ್ಟು ಜನಕ್ಕಿದೆ? ಹದಿನೆಂಟು ತುಂಬಿದ ಕೂಡಲೆ ಮಗ ಸಂಪಾದಿಸಬೇಕು, ಮಗಳನ್ನು ಮದುವೆ ಮಾಡಿ ಕಳಿಸಬೇಕು ಎಂಬ ಒತ್ತಡ ನಮಗೆ ಗೊತ್ತಿಲ್ಲದ್ದಲ್ಲ. ಊರಿಗೆ ಮನಿಯಾರ್ಡರು ಕಳಿಸುವವರ ಕಷ್ಟಕ್ಕೆ ಉಪದೇಶ ಮದ್ದಲ್ಲ.

ಆದರೆ ಒಂದು ವಿನಂತಿ. ಗಣಿತದಲ್ಲಿ ನಿಜವಾಗಿ ಕೈ ಓಡುವ ಮಗು ಮನೆಯಲ್ಲಿದ್ದರೆ, ಗಂಡಾಗಲಿ ಹೆಣ್ಣಾಗಲಿ, ‘ನಮ್ಮಂಥವರಿಗೇಕೆ’ ಎಂದು ಅದರ ಬಾಯಿ ಮುಚ್ಚಿಸಬೇಡಿ. ದಾರಿಯ ಖರ್ಚು ಎಷ್ಟು, ಸಹಾಯ ಎಲ್ಲಿ ಸಿಗುತ್ತದೆ, ಪರೀಕ್ಷೆ ಯಾವಾಗ ಎಂದು ಮೊದಲು ತಿಳಿದುಕೊಳ್ಳಿ; ಆಮೇಲೆ ಬೇಡವೆಂದರೂ ಅದು ತಿಳಿದು ಹೇಳಿದ ಬೇಡ. ಪರೀಕ್ಷೆಗೆ ಕಟ್ಟಿದ ಮಗು ಸಂಶೋಧಕನಾಗದಿದ್ದರೂ ಗಣಿತ ಎಲ್ಲಿಗೂ ಹೋಗುವುದಿಲ್ಲ. ಬ್ಯಾಂಕಿಗೂ ಶಾಲೆಗೂ ಅಂಗಡಿಗೂ ಅದು ಬೇಕೇ ಬೇಕು.

ಮುಂದಿನ ತಿಂಗಳಿನಿಂದ ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಈ ಮೇಜಿನ ಸುತ್ತ ಒಂಬತ್ತರಿಂದ ಹನ್ನೆರಡನೆಯ ತರಗತಿಯ ಮಕ್ಕಳು ಕೂತು ಗಣಿತ ಮಾಡಲಿ ಎಂದು ನಿಶ್ಚಯವಾಗಿದೆ. ನನಗೆ ಬರುವುದು ಹತ್ತನೆಯ ತರಗತಿಯವರೆಗೆ ಮಾತ್ರ. ಅದರ ಮೇಲಿನದಕ್ಕೆ ಸಂಘದ ಸದಸ್ಯರಾದ ಒಬ್ಬ ಕಾಲೇಜು ವಿದ್ಯಾರ್ಥಿನಿ ಬರಲು ಒಪ್ಪಿದ್ದಾಳೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕಪಾಟಿನ ಎರಡನೆಯ ಅರೆಯಲ್ಲಿ ಇಡುತ್ತೇವೆ. ಫೀಸು ಇಲ್ಲ. ಪೆನ್ಸಿಲು, ಗೀಟು ಕಾಗದ ಮನೆಯಿಂದ ತರಬೇಕು. ತಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಗಣಿತದ ಪುಸ್ತಕಗಳಿದ್ದರೆ ರದ್ದಿಗೆ ಹಾಕುವ ಮೊದಲು ಇಲ್ಲಿಗೆ ತಂದುಕೊಡಿ.